ನಾಲ್ಕನೇ ರೂಲು

"ಎರಡು! ಎರಡನೇ ನಂಬರು ಕಣೇ!" ಎಂದು ಕೂಗುತ್ತಾ ಸೋಡಾಬುಡ್ಡಿ ಟ್ಯಾಬ್ ಹಿಡಿದು ಒಳಗೆ ನುಗ್ಗಿದ. ಪಕ್ಕದ ಮನೆಯ ಹುಡುಗ, ಚೂಟಿಯ ಕ್ಲಾಸಿನವನು. ಕನ್ನಡಕದ ಗಾಜು ಅಷ್ಟು ದಪ್ಪ ಇದ್ದ ಮೇಲೆ ಆ ಹೆಸರು ಬೀಳದೆ ಇರುತ್ತದೆಯೇ?

"ಮೆಲ್ಲಗೆ ಕೂಗೋ! ಪಾಪು ಬೆಚ್ಚಿಬೀಳುತ್ತೆ," ಎಂದಳು ಚೂಟಿ. ಆದರೆ ಅವಳೇ ಒಂದು ಸಲ ಕುಣಿದುಬಿಟ್ಟಳು.

ಒಂದು ವಾರದಿಂದ ಇಬ್ಬರ ತಲೆಯಲ್ಲೂ ಒಂದೇ ಹಾಡು. ಐದು ಜನರ ತಂಡವೊಂದು ಹಾಡಿದ್ದು. ಹಾಡಿಗೆ ಈಗ ಚೂಟಿಯಷ್ಟೇ ವಯಸ್ಸು, ಹತ್ತು ವರ್ಷ. ತಂಡ ಜಗಳವಾಡಿ ಯಾವಾಗಲೋ ದಿಕ್ಕಾಪಾಲಾಗಿತ್ತು. ಆ ಹಳೇ ಹಾಡನ್ನು ಎಲ್ಲರೂ ಮತ್ತೆ ಮತ್ತೆ ಹಾಕಿ ಕೇಳಿ, ವಾರದ ಪಟ್ಟಿಯಲ್ಲಿ ಮೊದಲನೆಯದು ಮಾಡಿದರೆ ಐವರೂ ಮತ್ತೆ ಒಂದಾಗುತ್ತಾರಂತೆ. ಹಾಗಂತ ಯಾರು ಹೇಳಿದರೋ, ಆ ಐವರಂತೂ ಹೇಳಿರಲಿಲ್ಲ. ಆದರೂ ಊರೂರಿನ ಅಭಿಮಾನಿಗಳು ಟೊಂಕ ಕಟ್ಟಿ ನಿಂತಿದ್ದರು. ಈ ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಗಿಯುತ್ತಿತ್ತು. ಈಗ ಗಂಟೆ ನಾಲ್ಕು.

ಸ್ಕೂಲಿನ ಅಭಿಮಾನಿಗಳ ಗುಂಪಿಗೆ ಏಳನೇ ಕ್ಲಾಸಿನ ಕ್ಯಾಪ್ಟನ್ ಅಕ್ಕ ನಾಲ್ಕು ರೂಲು ಮಾಡಿದ್ದಳು. ಹಾಡು ಪೂರ್ತಿ ಓಡಬೇಕು. ಮ್ಯೂಟ್ ಮಾಡಬಾರದು. ನಡುನಡುವೆ ಬೇರೆ ಹಾಡೂ ಹಾಕಬೇಕು, ಇಲ್ಲದಿದ್ದರೆ ಕಳ್ಳಾಟ ಅಂತ ಲೆಕ್ಕದಿಂದ ತೆಗೆದುಬಿಡುತ್ತಾರೆ. ನಾಲ್ಕನೆಯದು, ಕಾಲ್ ಬಂದರೆ ಹಾಡು ಅರ್ಧಕ್ಕೆ ನಿಲ್ಲುತ್ತದೆ, ಹಾಗಾಗಿ ಕಾಲ್ ಬಂದರೂ ರಿಂಗ್ ಆಗದ ಹಾಗೆ ಸೆಟ್ಟಿಂಗ್ ಮಾಡಿಡಬೇಕು.

ಚೂಟಿ ಬೆಳಿಗ್ಗೆಯೇ ಅಮ್ಮನ ಫೋನಿನಲ್ಲಿ ಅದನ್ನು ಮಾಡಿಟ್ಟಿದ್ದಳು. ಸರಿಯಾಗಿ ನಾಲ್ಕಕ್ಕೆ ತೆಗೆದುಬಿಡೋಣ ಅಂದುಕೊಂಡಿದ್ದಳು. ಏಕೆಂದರೆ ನಾಲ್ಕರಿಂದ ಐದರೊಳಗೆ ಅಪ್ಪನ ಫೋನು ಬರುವುದಿತ್ತು.

ಅಪ್ಪ ಸರಕಿನ ಹಡಗಿನಲ್ಲಿ ಅಡುಗೆಯವನು. ಇವತ್ತು ಹಡಗು ಒಂದು ಬಂದರಿನಲ್ಲಿ ನಿಂತಿತ್ತು. ಅಲ್ಲಿ ಎಲ್ಲರಿಗೂ ಸೇರಿ ಒಂದೇ ಫೋನು, ಕ್ಯೂ ನಿಂತು ಮಾಡಬೇಕು. ಆ ಫೋನಿಗೆ ಇಲ್ಲಿಂದ ತಿರುಗಿ ಮಾಡಲು ಬರುವುದಿಲ್ಲ. ಐದಕ್ಕೆ ಹಡಗು ಹೊರಟಿತೆಂದರೆ ಇನ್ನು ಇಪ್ಪತ್ತೆರಡು ದಿನ ಬರೀ ನೀರು, ಮಾತಿಲ್ಲ ಕತೆಯಿಲ್ಲ.

ಅಮ್ಮ ಪಾಪುವಿಗೆ ಮಧ್ಯಾಹ್ನದ ನಿದ್ದೆಯನ್ನೂ ಮಾಡಿಸಿರಲಿಲ್ಲ. ಪಾಪು ಈ ವಾರವಷ್ಟೇ ಮೊದಲ ಮಾತು ಕಲಿತಿದ್ದ. ಅದನ್ನು ಅಪ್ಪನಿಗೆ ಕೇಳಿಸಬೇಕಿತ್ತು.

"ಯಾರು ಪುಟ್ಟಾ ಫೋನ್ ಮಾಡೋದು?"

"ಅಪ್ಪಾ!"

"ನನ್ನ ಬಂಗಾರ! ಹಾಗೇ ಹೇಳ್ಬೇಕು, ಆಯ್ತಾ?"

ಫೋನು ಮೇಜಿನ ಮೇಲೆ ಬೋರಲು ಬಿದ್ದುಕೊಂಡು ಮೆಲ್ಲಗೆ ಹಾಡುತ್ತಿತ್ತು.

"ಹಾಡು ನಿಲ್ಲಿಸ್ಲಾ ಅಮ್ಮಾ?"

"ಇರ್ಲಿ ಬಿಡೇ. ಫೋನ್ ಬಂದ್ರೆ ಅದೇ ನಿಲ್ಲುತ್ತಲ್ಲ," ಎಂದಳು ಅಮ್ಮ.

ಆಗಲಾದರೂ ಚೂಟಿಗೆ ನೆನಪಾಗಬೇಕಿತ್ತು. ಆದರೆ ಸೋಡಾಬುಡ್ಡಿ, "ಇನ್ನೊಂದ್ ಚೂರು! ಇನ್ನೊಂದೇ ಚೂರು ಬಾಕಿ!" ಎಂದು ಅವಳ ತೋಳು ಹಿಡಿದು ಎಳೆದ. ಸೆಟ್ಟಿಂಗಿನ ವಿಷಯ ಅವಳ ತಲೆಯಿಂದ ಹಾರಿಯೇಹೋಯಿತು.

ನಾಲ್ಕೂವರೆ ಆಯಿತು. "ಕ್ಯೂ ಉದ್ದ ಇರ್ಬೇಕು," ಎಂದಳು ಅಮ್ಮ. ಪಾಪು ಕಣ್ಣುಜ್ಜತೊಡಗಿದ. ಅಮ್ಮ ಅವನ ಮುಖಕ್ಕೆ ತಣ್ಣೀರು ಹಚ್ಚಿದಳು. ಅವನು ರಚ್ಚೆ ಹಿಡಿದು ಅತ್ತು, ಕೊನೆಗೆ ಅವಳ ಹೆಗಲ ಮೇಲೆಯೇ ನಿದ್ದೆಹೋದ.

ಐದು ಹೊಡೆಯಲು ಎರಡೇ ನಿಮಿಷ ಇದ್ದಾಗ ಹಾಡು ಮೊದಲನೇ ನಂಬರಿಗೆ ಏರಿತು. ಇಬ್ಬರೂ ಕೈಕೈ ಹಿಡಿದು ಗಿರಗಿರನೆ ತಿರುಗಿದರು. ಐದಾದರೂ ಅದು ಅಲ್ಲಿಂದ ಇಳಿಯಲಿಲ್ಲ.

ಅಮ್ಮ ಗಡಿಯಾರ ನೋಡಿದಳು. "ಮರೆತುಬಿಟ್ರು ಕಣೇ ನಿಮ್ಮಪ್ಪ," ಎಂದಳು. "ಜೊತೆಗಾರರು ಸಿಕ್ಕಿರ್ತಾರೆ. ನಮ್ಮ ನೆನಪು ಎಲ್ಲಿಂದ ಬರ್ಬೇಕು?" ಪಾಪುವನ್ನು ಮಲಗಿಸಿ ಅಡುಗೆಮನೆಗೆ ಹೋದಳು.

ಆಗ ಚೂಟಿಗೆ ಸೆಟ್ಟಿಂಗ್ ನೆನಪಾಯಿತು. ಓಡಿ ಹೋಗಿ ಫೋನನ್ನು ಮಗುಚಿ ನೋಡಿದಳು. ಏಳು ಮಿಸ್ಡ್ ಕಾಲ್.

ಸೋಡಾಬುಡ್ಡಿ ಬಗ್ಗಿ ನೋಡಿದ. ಅವನ ಮುಖವೂ ಸಪ್ಪೆಯಾಯಿತು. "ಡಿಲೀಟ್ ಮಾಡ್ಬಿಡು," ಎಂದು ಪಿಸುಗುಟ್ಟಿದ. "ಯಾರಿಗೂ ಗೊತ್ತಾಗಲ್ಲ."

ನಿಜ, ಗೊತ್ತಾಗುತ್ತಿರಲಿಲ್ಲ. ಚೂಟಿಯ ಹೆಬ್ಬೆರಳು ಆ ಬಟನ್ನಿನ ಹತ್ತಿರ ಹೋಯಿತು. ಒಳಗೆ ಅಮ್ಮ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಇನ್ನು ಇಪ್ಪತ್ತೆರಡು ದಿನ ಅಮ್ಮ ಹೀಗೇ ಇರುತ್ತಾಳೆ ಎಂದುಕೊಂಡಾಗ ಚೂಟಿ ಹೆಬ್ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. ಅವಳು ಫೋನು ಹಿಡಿದು ಒಳಗೆ ನಡೆದಳು.

"ಅಮ್ಮಾ... ಅಪ್ಪ ಮರೆತಿರ್ಲಿಲ್ಲ. ಮಾಡಿದ್ರು. ನಾನೇ ರಿಂಗ್ ಆಗದ ಹಾಗೆ ಮಾಡಿಟ್ಟಿದ್ದೆ. ಹಾಡಿಗೋಸ್ಕರ."

ಬೆನ್ನಿಗೆ ಒಂದು ಬೀಳುತ್ತದೆ ಎಂದು ಕಣ್ಣು ಮುಚ್ಚಿದಳು. ಏನೂ ಬೀಳಲಿಲ್ಲ. ಅಮ್ಮ ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡಳು.

"ನಾಲ್ಕು ಐದು... ನಾಲ್ಕು ಹದಿಮೂರು..." ಒಂದೊಂದನ್ನೇ ಓದಿದಳು. "ಏಳು ಸಲ ಕಣೇ! ಒಂದೊಂದ್ ಸಲಾನೂ ಮತ್ತೆ ಕ್ಯೂ ಕೊನೇಲಿ ಹೋಗಿ ನಿಲ್ಬೇಕು." ಅವಳು ನೆಲದ ಮೇಲೆ ಕುಳಿತು ಅಳತೊಡಗಿದಳು. ಸಿಟ್ಟೋ, ಸಮಾಧಾನವೋ ಚೂಟಿಗೆ ಗೊತ್ತಾಗಲಿಲ್ಲ. ಎರಡೂ ಇರಬೇಕು.

"ಕೊನೇದು ನಾಲ್ಕು ಐವತ್ತೆಂಟು," ಎಂದಳು ಅಮ್ಮ.

ಆಗ ಚೂಟಿ ಗಿರಗಿರನೆ ತಿರುಗುತ್ತಿದ್ದಳು. ಅದೇ ಹೊತ್ತಿಗೆ ಅಪ್ಪ ಒಂದು ಕಣ್ಣು ಹಡಗಿನ ಮೇಲಿಟ್ಟು, ರಿಸೀವರನ್ನು ಕಿವಿಗೆ ಒತ್ತಿಕೊಂಡು, ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ಕಾಯುತ್ತಿದ್ದ. ಎಲ್ಲರೂ ಫೋನಿನ ಪಕ್ಕದಲ್ಲೇ ಇದ್ದರು ಎಂದು ಅಪ್ಪನಿಗೆ ಗೊತ್ತಿಲ್ಲ. ಮನೆಯವರೇ ತನ್ನನ್ನು ಮರೆತರು ಎಂದುಕೊಂಡು ಹಡಗು ಹತ್ತಿರುತ್ತಾನೆ.

ಅಮ್ಮನಿಗೆ ಹೇಳಿದ್ದಾಯಿತು. ಅಪ್ಪನಿಗೆ ಹೇಳಲು ಇನ್ನೂ ಇಪ್ಪತ್ತೆರಡು ದಿನ ಕಾಯಬೇಕಿತ್ತು.