ಹೀಲರ್‌ನ ಹಸಿರು ಗೆರೆ

"ನನ್ನ ಶಕ್ತಿ ಅರ್ಧಕ್ಕ ಇಳಸ್ತೀರಂತ? ಖರೇನ?"

ಸೋಮವಾರದ ಸಂತೆಚೀಲವನ್ನು ಕೌಂಟರಿನ ಮೇಲೆ ಕುಕ್ಕಿ ಪೂರ್ಣಿಮಾ ಕೇಳಿದಳು. ಚೀಲದಿಂದ ಇಣುಕಿದ ಮೆಂತ್ಯದ ಸೊಪ್ಪು ಲೋಕೇಶನ ಕೀಬೋರ್ಡ್ ಮುಟ್ಟಿತು. ಅವನು ಸೊಪ್ಪನ್ನೇ ನೋಡಿದ. ಅವಳನ್ನು ನೋಡಲು ಧೈರ್ಯ ಸಾಲಲಿಲ್ಲ.

ಮುಂಡಗೋಡ ಬಸ್ ಸ್ಟ್ಯಾಂಡಿನ ಎದುರಿಗಿರುವ ಈ ಸೈಬರ್ ಕೆಫೆ ಅವನದು. ಇಂಟರ್ನೆಟ್ಟಿನಲ್ಲಿ ಅರವತ್ತು ಜನ ಆಡುವ ರಾಕ್ಷಸಬೇಟೆಯ ಆಟವೂ ಅವನದೇ, ಎರಡು ವರ್ಷ ಕೂತು ಬರೆದದ್ದು. ಪೂರ್ಣಿಮಾ ಅದರಲ್ಲಿ ಹೀಲರ್. ಹೊಡೆಯುವವಳಲ್ಲ, ಹೊಡೆತ ತಿಂದವರನ್ನು ಬದುಕಿಸುವವಳು. ಅದೇ ಗುಂಪಿನಲ್ಲಿ ಲೋಕೇಶ ಮುಂದೆ ನುಗ್ಗಿ ಹೊಡೆಯುವ ವೀರ. ಪ್ರತಿ ಸೋಮವಾರ ಪಾಳಾ ಊರಿನಿಂದ ಸಂತೆಗೆ ಬಂದವಳು ಐದೂವರೆಯ ಬಸ್ಸಿನ ತನಕ ಆಡುತ್ತಿದ್ದಳು. ಲೋಕೇಶನ ವಾರದಲ್ಲಿ ಇದ್ದದ್ದೂ ಅದೊಂದೇ ದಿನ.

"ಎಲ್ಲಾರೂ ಬೈಯಾಕ ಹತ್ಯಾರ್ರೀ. ನೀವಿದ್ದ ಗುಂಪು ಸೋಲೂದ ಇಲ್ಲಂತ. ನಿಮ್ಮ ಮುಖಾ ನೋಡಿ ಸುಮ್ನ ಬಿಟ್ಟೇನಂತ."

"ನೀವೆಲ್ಲಿ ಮುಖಾ ನೋಡ್ತೀರಿ? ಮೆಂತೆ ನೋಡಾಕ ಹತ್ತೀರಿ."

ಅವನ ಕಿವಿ ಕೆಂಪಾಯಿತು.

"ಇಳಿಸಿದ್ರ ನಾ ಇನ್ನ ಬರೂದಿಲ್ಲ," ಎಂದಳು, ಈ ಸಲ ನಗದೆ. "ಮೊದಲ ಒಂದ್ ತಾಸು ನೀವು ಹೀಲರ್ ಆಡ್ರಿ. ನಿಮ್ಮ ವೀರನ್ನ ನಾ ಆಡ್ತೇನಿ. ಆಮ್ಯಾಲ ಏನರ ಮಾಡ್ರಿ."

ಪಕ್ಕಪಕ್ಕದ ಕಂಪ್ಯೂಟರಿಗೆ ಕೂತರು. ಹಗ್ಗ ಬಿಚ್ಚಿದ ಕರುವಿನ ಹಾಗೆ ಅವಳು ಗುಹೆಗೆ ನುಗ್ಗಿದಳು. ಅವಳ ವೀರನ ತಲೆಯ ಮೇಲೆ ಪ್ರಾಣದ ಹಸಿರು ಗೆರೆ. ಅದು ಕುಗ್ಗಿದರೆ ಗುಂಡಿ ಒತ್ತಬೇಕು, ಮತ್ತೆ ಕುಗ್ಗಿದರೆ ಮತ್ತೆ ಒತ್ತಬೇಕು. ತಾನೇ ತಿಂಗಳುಗಟ್ಟಲೆ ಬಿಡಿಸಿದ ಜಲಪಾತ ಯಾವಾಗ ದಾಟಿತೋ ಲೋಕೇಶನಿಗೆ ಗೊತ್ತಾಗಲಿಲ್ಲ. ಒಂದು ಬಾಣ ಬಂದು ಅವನ ಹೀಲರ್ ಸತ್ತುಬಿದ್ದಳು. ಪೂರ್ಣಿಮಾ ಎಷ್ಟೋ ದೂರ ಹೋಗಿ ತಿರುಗಿ ನೋಡಿದಳು.

"ಅಯ್ಯ, ಸತ್ರೇನು? ಕಾಣಲೇ ಇಲ್ಲ."

"ಹೀಲರ್ ಗೆರಿ ಬ್ಯಾರೆಯವರಿಗೆ ಕಾಣೂ ಹಂಗ ನಾ ಬರದಽ ಇಲ್ಲ."

"ಗೊತ್ತೈತಿ. ಎಂಟು ತಿಂಗಳಾತು, ನೀವು ಮುಂದ ಗೆಲ್ತೀರಿ, ನಾ ಹಿಂದ ಸತ್ತಿರ್ತೇನಿ."

"ಮತ್ತ್ಯಾಕ ಆಡಿದ್ರಿ?"

ಅವಳು ಬಳೆ ಹಿಂದಕ್ಕೆ ಸರಿಸಿಕೊಂಡಳು. "ನಿಮ್ಮ ವೀರ ಭಾಳ ಹುಂಬ. ಯಾರರ ಹಿಂದ ಇರಬೇಕಲ್ಲ."

ಲೋಕೇಶ ಆಟದ ನಿಯಮಗಳ ಕಡತ ತೆರೆದ. ಆಮೇಲೆ ಟೈಪ್ ಮಾಡತೊಡಗಿದ. ಮುಗಿಸಿ, ಓದಿ ಹೇಳಿದ. ಹೀಲರ್ ಶಕ್ತಿ ಇದ್ದಷ್ಟೇ ಇರುತ್ತದೆ. ಆದರೆ ಬದುಕಿಸಿದಾಗಲೆಲ್ಲ ಅವಳ ಪ್ರಾಣವೂ ಇಳಿಯುತ್ತದೆ. ಅವಳ ಗೆರೆ ಎಲ್ಲರಿಗೂ ಕಾಣುತ್ತದೆ. ಪಕ್ಕದಲ್ಲಿ ನಿಂತವರು ಆ ನೋವಿನಲ್ಲಿ ಅರ್ಧ ಹೊರಬೇಕು.

"ಬಾಜೂಕ ಯಾರೂ ನಿಲ್ಲದಿದ್ರ?"

"ನಾ ನಿಲ್ತೇನಿ."

"ಬರೇ ಆಟದಾಗ?"

ಈಗ ಅವನು ಅವಳ ಮುಖ ನೋಡಿದ. ಹಣೆಯ ಮೇಲೆ ಬೆವರಿಗೆ ಅಂಟಿದ ಒಂದು ಕೂದಲೆಳೆ, ನಗು ತಡೆಹಿಡಿದ ಕೆಳದುಟಿ.

"ಇಲ್ರೀ. ಎಲ್ಲಾ ಕಡೆ. ನೀವು ಹೂಂ ಅಂದ್ರ."

ಹೊರಗೆ ಐದೂವರೆಯ ಬಸ್ಸು ಹಾರ್ನ್ ಹೊಡೆಯಿತು. ಪೂರ್ಣಿಮಾ ಎದ್ದು ಚೀಲದ ಒಂದು ಹಿಡಿಕೆ ಹಿಡಿದಳು. ಇನ್ನೊಂದನ್ನು ಅವನತ್ತ ಚಾಚಿದಳು.

"ಭಾರ ಐತಿ."

ಅವನು ಹಿಡಿದು ಗಡಬಡಿಸಿ ಬಾಗಿಲತ್ತ ಎಳೆದ.

"ಅವಸರ ಮಾಡಬ್ಯಾಡೋ," ಎಂದಳು ಮೆಲ್ಲಗೆ. "ಆರೂಕಾಲಿಗೆ ಇನ್ನೊಂದ್ ಐತಿ."