ಮೇಷ್ಟ್ರನ್ನೇ ಸೋಲಿಸಿದ ಹುಡುಗಿ

"ಈ ಪುಸ್ತಕಕ್ಕೆ ಕೆಂಪು ಶಾಯಿ ಸುರಿದ ಪುಣ್ಯಾತ್ಮ ಯಾರು?!"

ಶಿಕ್ಷಕರ ಕೋಣೆಯ ಬಾಗಿಲಲ್ಲೇ ಗುಡುಗಿದಳು ಕಥೆ ಟೀಚರ್. ಇಂಗ್ಲಿಷಿನಲ್ಲಿ ಕಥೆ ಬರೆಯುವುದನ್ನೂ ವಾದ ಮಾಡುವುದನ್ನೂ ಕಲಿಸುವ ಅವಳಿಗೆ ಮಕ್ಕಳಿಟ್ಟ ಹೆಸರದು.

"ನಾನೇ." ಹೊಸದಾಗಿ ಬಂದ ಸ್ಪೆಲ್ಲಿಂಗ್ ಮೇಷ್ಟ್ರು ಎದ್ದು ನಿಂತ. "ಎರಡು ಪುಟಕ್ಕೆ ಮೂವತ್ತೊಂದು ತಪ್ಪು."

"ತಾನು ಆಡಿದ ಜಗಳವನ್ನ ಅಜ್ಜಿಯ ಕಣ್ಣಿಂದ ನೋಡಿ ಬರೆದಿದ್ದಾಳೆ ಆ ಹುಡುಗಿ! ಅದು ಕಾಣಲಿಲ್ವಾ?"

"ಕಾಣಿಸ್ತು. ಅದಕ್ಕೇ, ಇಂಥ ಕಥೆಯಲ್ಲಿ ಒಂದಕ್ಷರವೂ ತಪ್ಪಬಾರದು ಅನ್ನಿಸ್ತು."

ಅವಳು ಪುಸ್ತಕ ಮುಚ್ಚಿ ತಿರುಗಿ ನಡೆದಳು. ಎದೆ ಮಾತ್ರ ಯಾಕೋ ಡವಡವ...

ಆ ಹುಡುಗಿಯ ಅಡ್ಡಹೆಸರು ಪಿಸುಮಾತು. ನಾಲ್ಕು ಜನರೆದುರು ಬಾಯಿ ಬಿಟ್ಟವಳೇ ಅಲ್ಲ. ಅವಳನ್ನೇ ಟೀಚರ್ ಚರ್ಚಾಸ್ಪರ್ಧೆಗೆ ಆರಿಸಿದಳು. ಸ್ಪೆಲ್ಲಿಂಗ್ ತಪ್ಪಿಗೆ ಅಂಕ ಕಳೆಯಬೇಕೇ ಎಂಬುದು ವಿಷಯ. ಪಿಸುಮಾತಿನದು 'ಬೇಡ' ಅನ್ನುವ ಪಕ್ಷ.

ಸ್ಪರ್ಧೆಗೆ ಎರಡೇ ದಿನ. ಖಾಲಿ ತರಗತಿಯಿಂದ ಮೇಷ್ಟ್ರ ದನಿ ಕೇಳಿಸಿತು.

"ಇಷ್ಟೇನಾ ನಿನ್ನ ವಾದ? ಇದು ಒಂದು ನಿಮಿಷವೂ ನಿಲ್ಲಲ್ಲ!"

ಟೀಚರ್ ನುಗ್ಗಿ ಹುಡುಗಿಯ ಕೈ ಹಿಡಿದಳು. "ನನ್ನ ಮೇಲಿನ ಸಿಟ್ಟನ್ನ ಮಗು ಮೇಲೆ ತೀರಿಸ್ಕೋಬೇಡಿ!"

"ಟೀಚರ್, ಅದು..."

"ನೀನು ಸುಮ್ಮನೆ ಬಾ."

ಮೇಷ್ಟ್ರು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸ್ಪರ್ಧೆಯ ದಿನ ಎದುರಾಳಿ ಗತ್ತಿನಿಂದ ಕೇಳಿದ: "ತಪ್ಪಿಗೆ ಅಂಕ ಹೋಗದಿದ್ರೆ ಯಾರು ತಿದ್ಕೋತಾರೆ?"

ಪಿಸುಮಾತು ಮೈಕಿನ ಹತ್ತಿರ ಬಂದಳು. ಅಯ್ಯೋ, ಕಂದಾ... ಟೀಚರ್ ಉಸಿರು ಬಿಗಿಹಿಡಿದಳು.

"ತಿದ್ದಿ, ಖಂಡಿತ ತಿದ್ದಿ," ಅಂದಳು ಹುಡುಗಿ. "ಆದ್ರೆ ಅಂಕ ಕಳೆದ್ರೆ ನಾವು ಗೊತ್ತಿರೋ ಸುಲಭದ ಪದಗಳನ್ನಷ್ಟೇ ಬರೀತೀವಿ. ದೊಡ್ಡ ಯೋಚನೆಗೆ ಬೇಕಾದ ಪದ ಮುಟ್ಟೋ ಧೈರ್ಯ ಯಾರಿಗಿರುತ್ತೆ?"

ಸಭೆ ತುಂಬ ಚಪ್ಪಾಳೆಯೋ ಚಪ್ಪಾಳೆ! ಮೊದಲ ಬಹುಮಾನ! ಟೀಚರ್ ಕಾಲು ನೆಲಕ್ಕೇ ತಾಗುತ್ತಿರಲಿಲ್ಲ.

"ಈ ಉತ್ತರ ಎಲ್ಲಿತ್ತೇ ಪುಟ್ಟಿ?"

"ಊಟದ ಬಿಡುವಲ್ಲಿ ಮೇಷ್ಟ್ರು ದಿನಾ ಎದುರು ಪಕ್ಷವಾಗಿ ವಾದಿಸ್ತಿದ್ರು ಟೀಚರ್. ಅವತ್ತೂ ಅದೇ ನಡೀತಿತ್ತು. ಕೊನೆಗೆ ನಿನ್ನೆ ಅವರನ್ನೇ ಸೋಲಿಸಿಬಿಟ್ಟೆ!"

ಟೀಚರ್‌ನ ಮುಖ ಬಿಸಿಯಾಯಿತು. ಕೊನೆಯ ಸಾಲಿನಲ್ಲಿ ಅವನು ಇನ್ನೂ ನಿಂತೇ ಚಪ್ಪಾಳೆ ತಟ್ಟುತ್ತಿದ್ದ. ಕಣ್ಣು ಒದ್ದೆ.

"ಯಾಕೆ ಹೇಳ್ಲಿಲ್ಲ?" ಹತ್ತಿರ ಹೋಗಿ ಕೇಳಿದಳು.

"ಗೆಲುವು ಅವಳದು, ನಿಮ್ಮದು. ನಡುವೆ ನಾನ್ಯಾಕೆ?"

"ತಪ್ಪು ತಿಳಿದೆ... ಕ್ಷಮಿಸಿ."

ಅವನು ತಡವರಿಸಿದ. "ನಿಮ್ಮಮ್ಮನ ಹತ್ರ ನಮ್ಮಿಬ್ಬರ ವಿಷಯ ಮಾತಾಡ್ಬೇಕಿತ್ತು."

"ಮೊದ್ಲು ನನ್ನ ಹತ್ರ ಮಾತಾಡಿ!"

"ನೀವು ವಾದಕ್ಕಿಳೀತೀರಿ..."

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ಇದೊಂದು ವಿಷಯದಲ್ಲಿ... ನಾನು ನಿಮ್ಮ ಪಕ್ಷ."