ಕಿಟಕಿಯ ದೀಪ ಯಾಕೆ ಹತ್ತಿತು?

"ಒಳಗೆ ಬರೋ ಮುಂಚೆ ಒಂದು ಮಾತು!"

ಬಾಗಿಲಿಗೆ ಅಡ್ಡ ನಿಂತಿದ್ದಳು ಅವಳು. ಹೆಗಲಲ್ಲಿ ವೈರಿನ ಸುರುಳಿ, ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಬಂದಿದ್ದ ನೆಟ್‌ವರ್ಕ್ ಕೆಲಸದವನು ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಬಿಡುವಷ್ಟರಲ್ಲಿ ಹಾಗೇ ನಿಂತುಬಿಟ್ಟ. ಪಾಪ!

"ಹೇಳಿ ಮೇಡಂ."

"ಲೈಟು, ಫ್ಯಾನು, ಬಾಗಿಲ ಬೆಲ್ಲು, ಎಲ್ಲಾ ಫೋನಿಂದಲೇ ನಡೀಬೇಕು. ಆದ್ರೆ ನಮ್ಮನೇಲಿ ಯಾವ ಲೈಟು ಯಾವಾಗ ಹತ್ತುತ್ತೆ ಅಂತ ಯಾವ ಕಂಪನಿಗೂ ಗೊತ್ತಾಗಬಾರದು. ಯಾರಿಗೂ! ನಿಮಗೂ!"

ಅವನು ಅವಳ ಮುಖ ನೋಡಿದ. ಯಾಕೆ ಅಂತ ಮಾತ್ರ ಕೇಳಲಿಲ್ಲ. ಅವಳಿಗೆ ಮೊದಲು ಹಿಡಿಸಿದ್ದೇ ಅದು. ಒಪ್ಪಿಕೊಳ್ಳುವ ಜಾಯಮಾನ ಅವಳದ್ದಲ್ಲ ಬಿಡಿ!

"ಯಾರೇ ಚುಕ್ಕಿ ಅದು? ಬಾಗಿಲಲ್ಲೇ ಕೋರ್ಟು ನಡೆಸ್ತಿದ್ದೀಯಲ್ಲ!" ಅಡುಗೆಮನೆಯಿಂದ ಸೋದರತ್ತೆಯ ದನಿ. "ಒಳಗೆ ಬಿಡೇ ಆ ತಂತಿರಾಯನ್ನ!"

ತಂತಿರಾಯ! ಹೆಸರು ಅಲ್ಲೇ ಅಂಟಿಕೊಂಡಿತು.

ಚುಕ್ಕಿ ಫೋಟೋಗ್ರಾಫರ್. ತೆಗೆದ ಚಿತ್ರಗಳೆಲ್ಲ ಕಪಾಟಿನಲ್ಲಿ ಗುಂಯ್ ಅನ್ನುತ್ತ ಕೂತಿದ್ದ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿಯೊಳಗಿದ್ದವು. ತಂತಿರಾಯ ಅದನ್ನು ನೋಡಿದ್ದೇ ಮುಖ ಅರಳಿಸಿದ.

"ಇದು ಹೇಗೂ ಹಗಲೂ ರಾತ್ರಿ ಎಚ್ಚರ ಇರುತ್ತೆ. ಫೋಟೋ ಕಾಯೋದರ ಜೊತೆ ಮನೇನೂ ನೋಡ್ಕೊಳ್ಳಲಿ. ಸಾಫ್ಟ್‌ವೇರನ್ನ ಇದರೊಳಗೇ ಕೂರಿಸ್ತೀನಿ. ಮನೆ ಮಾತು ಮನೆಯೊಳಗೇ ಇರುತ್ತೆ."

ಮನೆ ಮಾತು ಮನೆಯೊಳಗೇ... ಅವಳಿಗೆ ಬೇಕಿದ್ದದ್ದು ಅಷ್ಟೇ. ಹಿಂದೊಬ್ಬ ಇದ್ದ, ಮದುವೆಯಾಗಬೇಕಿದ್ದವನು. ಗೊತ್ತಿಲ್ಲದ ಹಾಗೆ ಅವಳ ಫೋನಿನಲ್ಲಿ ಏನೋ ತುಂಬಿಸಿಟ್ಟಿದ್ದ. 'ಎಲ್ಲಿದ್ದೀಯ? ಆ ಅಂಗಡೀಲಿ ಇಷ್ಟು ಹೊತ್ತು ಯಾಕೆ?' ಅಂತ ಪ್ರಾಣ ಹಿಂಡುತ್ತಿದ್ದ. ಉಂಗುರ ವಾಪಸ್ಸು ಕೊಟ್ಟು ಬಂದಿದ್ದಳು. ಮತ್ತೆ ಯಾರನ್ನಾದರೂ ನಂಬೋಕಾಗುತ್ತಾ ಅನ್ನೋದೇ ಅವಳ ಭಯ.

ಕೆಲಸ ಚೆನ್ನಾಗೇ ಆಯಿತು. ಆದರೆ...

ಮರುದಿನ ಸಂಜೆ, ಯಾರೂ ಮುಟ್ಟದೆ, ಹಾಲಿನ ಕಿಟಕಿಯ ದೀಪ ತಾನಾಗೇ ಹತ್ತಿತು!

"ಅತ್ತೆ, ನೀನು ಹಾಕಿದ್ಯಾ?"

"ನಾನ್ಯಾಕೆ ಹಾಕ್ಲಿ? ದೆವ್ವ ಇರಬೇಕು. ಈಗಿನ ದೆವ್ವಕ್ಕೂ ವೈಫೈ ಬಂದಿರಬೇಕು ಕಣೇ!"

ಒಂದು ದಿನ ಮುಸ್ಸಂಜೆಗೇ ಹತ್ತಿತು. ಇನ್ನೊಂದು ದಿನ ಊಟಕ್ಕೆ ಕೂತಾಗ. ಮಳೆ ಸುರಿದ ದಿನವಂತೂ ತುಂಬಾ ತಡ. ಒಂದು ಲೆಕ್ಕವಿಲ್ಲ, ಒಂದು ಕ್ರಮವಿಲ್ಲ! ತಂತಿರಾಯನಿಗೆ ಫೋನ್ ಮಾಡಿ ಕೇಳಬಹುದಿತ್ತು. ಉಹ್ಞೂಂ, ತಾನೇ ಕಂಡುಹಿಡಿಯಬೇಕು ಅನ್ನುವ ಹಠ. ಅತ್ತೆ ಸೊಸೆ ಚಹಾಕ್ಕೆ ಪಂದ್ಯ ಕಟ್ಟಿಕೊಂಡು ಕಾದರು. ದೀಪ ಹತ್ತಿದ್ದೇ "ಬಂತು!" ಅಂತ ಚುಕ್ಕಿ ಚಪ್ಪಾಳೆ ತಟ್ಟುವಳು. ಏನು ಬಂತು ಅಂತ ಮಾತ್ರ ಗೊತ್ತಿಲ್ಲ!

ಕಡೆಗೆ ಫೋನಿನಲ್ಲಿ ಮನೆ ನಡೆಸುವ ಆ್ಯಪ್‌ನ ಮೂಲೆ ಮೂಲೆ ತಡಕಿದಳು. ದೀಪದ ಮೇಲೆ ಬೆರಳಿಟ್ಟರೆ ಅದು ಹತ್ತಿದ ಕಾರಣ ತೋರಿಸುತ್ತಿತ್ತು. ಮನೆಯ ಚಿತ್ರ. ಅದರ ಪಕ್ಕದಲ್ಲಿ ಒಂದು ಫೋನು, ಮನೆಯ ಹತ್ತಿರ ಬಂದಿದೆ ಅಂತ.

ಫೋನಿನ ಕೆಳಗಿದ್ದ ಹೆಸರು ತಂತಿರಾಯನದು!

ದಿನಾ ಸಂಜೆ ನಮ್ಮ ಮನೆ ಸುತ್ತ ಸುಳಿಯುತ್ತಿದ್ದಾನಾ? ಇವನೂ ಹಾಗೇನಾ?

ಅವನನ್ನು ತಕ್ಷಣ ಕರೆಸಿದಳು. ಬಂದವನ ಮುಂದೆ ಫೋನ್ ಹಿಡಿದಳು.

"ಏನಿದು? ನಮ್ಮನೆ ಮುಂದೆ ದಿನಾ ನಿಮಗೇನು ಕೆಲಸ? ನಂಬಿದ್ದೆ ನಿಮ್ಮನ್ನ!"

ಅವನು ಲ್ಯಾಪ್‌ಟಾಪಿನಲ್ಲಿ ಒಂದು ನಕ್ಷೆ ತೆರೆದು ಅವಳ ಕಡೆ ತಿರುಗಿಸಿದ.

"ತಪ್ಪು ನಂದೇ ಮೇಡಂ. ಆದ್ರೆ ಮನೆಯ ಗುರುತು ಎಲ್ಲಿದೆ ಅಂತ ಒಂದ್ಸಲ ನೋಡಿ."

ನೋಡಿದಳು. ಗುರುತು ಅವಳ ಬೀದಿಯಲ್ಲಿರಲಿಲ್ಲ. ಸೇತುವೆಯಾಚೆ, ಟೈರ್ ಅಂಗಡಿಯ ಪಕ್ಕದಲ್ಲಿತ್ತು!

"ಇದು... ಯಾರ ಮನೆ?"

"ನಂದು. ನಮ್ಮನೇಲೂ ಇಂಥದ್ದೇ ಡಬ್ಬಿ ಇದೆ. ಕೆಲಸ ಬೇಗ ಮುಗೀಲಿ ಅಂತ ಅದರಲ್ಲಿದ್ದ ಸೆಟ್ಟಿಂಗ್‌ಗಳನ್ನ ಹಾಗೇ ನಿಮ್ಮದಕ್ಕೆ ನಕಲು ಮಾಡಿದೆ. ಮನೆಯ ಗುರುತು ಬದಲಾಯಿಸೋದು ಮರೆತೆ. ಪರೀಕ್ಷೆಗೆ ಸೇರಿಸಿದ ನನ್ನ ಫೋನ್ ತೆಗೆಯೋದೂ ಮರೆತೆ."

"ಅಂದ್ರೆ ನೀವು ನನ್ನನ್ನ ನೋಡ್ತಿರಲಿಲ್ಲ. ನಾನೇ ನಿಮ್ಮನ್ನ..."

"ಹ್ಞೂಂ. ದಿನಾ ನಾನು ಮನೆ ಸೇರಿದ್ದು ನಿಮಗೆ ಗೊತ್ತಾಗ್ತಿತ್ತು."

ಸಿಟ್ಟು ಇಳಿಯುವ ಮುಂಚೆಯೇ ಕುತೂಹಲ ಬಾಯಿಗೆ ಬಂದುಬಿಟ್ಟಿತು. "ನೀವು ಬಂದ್ರೆ ಕಿಟಕಿಯ ದೀಪ ಯಾಕೆ ಹತ್ತಬೇಕು?"

ಅವನು ತಲೆ ತಗ್ಗಿಸಿದ.

"ಅಮ್ಮ ಇದ್ದಾಗ, ನಾನು ಬರೋವರೆಗೂ ಕಿಟಕಿ ದೀಪ ಆರಿಸ್ತಿರಲಿಲ್ಲ. ಈಗ ಅಮ್ಮ ಇಲ್ಲ. ಕತ್ತಲೆ ಮನೆಗೆ ಹೋಗೋಕೆ ಮನಸ್ಸೇ ಬರ್ತಿರಲಿಲ್ಲ... ಅದಕ್ಕೆ, ನನ್ನ ಫೋನ್ ಮನೆ ಹತ್ರ ಬಂದ ಕೂಡ್ಲೇ ಕಿಟಕಿ ದೀಪ ಹತ್ತಲಿ ಅಂತ ಈ ರೂಲ್ ಬರೆದೆ."

ಆಮೇಲೆ ಅವನು ಡಬ್ಬಿಯಿಂದ ತನ್ನ ಫೋನಿನ ಹೆಸರು ತೆಗೆದುಹಾಕಿದ, ರೂಲ್ ಅಳಿಸಿದ, ಮನೆಯ ಗುರುತು ಸರಿಮಾಡಿದ. "ಪಾಸ್‌ವರ್ಡ್ ಬದಲಾಯಿಸಿ" ಅಂದ. ಅವಳು ಟೈಪ್ ಮಾಡುವಷ್ಟು ಹೊತ್ತೂ ಗೋಡೆ ಕಡೆ ತಿರುಗಿ ನಿಂತಿದ್ದ. ಅತ್ತೆ ತಂದ ಚಹಾ ಕುಡಿಯದೆ ಹೊರಟುಹೋದ.

ಅವತ್ತಿನಿಂದ ದೀಪ ಹತ್ತಲಿಲ್ಲ.

ನಾನು ಬಯಸಿದ್ದು ಇದೇ ತಾನೆ? ಮತ್ಯಾಕೆ ಸಂಜೆಯಾದರೆ ಕಣ್ಣು ಕಿಟಕಿಗೇ ಹೋಗುತ್ತೆ?

ಒಂದು ಸಂಜೆ ಜೋರು ಮಳೆ. ಹೊರಗೆ ಬಸ್ಸುಗಳೆಲ್ಲ ನಿಂತಲ್ಲೇ ನಿಂತಿದ್ದವು. ಮನೆ ಸೇರಿದನಾ? ಕತ್ತಲಲ್ಲಿ ಬೀಗ ತೆಗೀತಿದ್ದಾನಾ? ಅವಳಿಗೆ ಒಂದು ಕಡೆ ಕೂರೋಕಾಗಲಿಲ್ಲ.

"ಏನೇ, ನಿನ್ನ ದೆವ್ವ ರಜಾ ಹಾಕಿ ಹೋಯ್ತಾ?" ಅತ್ತೆ ಕೆಣಕಿದಳು.

"ಅತ್ತೆ... 'ಎಲ್ಲಿದ್ದೀಯ' ಅಂತ ಕೇಳೋರನ್ನ ಕಂಡ್ರೇನೇ ನಂಗಾಗಲ್ಲ. ಈಗ ನಂಗೇ ಅದನ್ನ ಕೇಳಬೇಕು ಅನ್ನಿಸ್ತಿದೆ."

ಅತ್ತೆಯ ನಗು ನಿಂತಿತು. ಸೊಸೆಯ ಕೂದಲು ಹಿಂದಕ್ಕೆ ಸರಿಸಿದಳು.

"ಆ ಉಂಗುರದವನು ಕದ್ದು ನೋಡ್ತಿದ್ದ. ನೀನು ಬಾಯಿಬಿಟ್ಟು ಕೇಳು. ಹೇಳೋದು ಬಿಡೋದು ತಂತಿರಾಯನ ಇಷ್ಟ."

ಅವಳು ಫೋನ್ ಎತ್ತಿಕೊಂಡಳು.

"ಹಲೋ... ಇದು ಡಬ್ಬಿ ವಿಷಯ ಅಲ್ಲ. ಇಷ್ಟ ಇದ್ರೆ ಮಾತ್ರ ಹೇಳಿ. ಮನೆ ಸೇರಿದ್ರಾ?"

ಆ ಕಡೆ ಮಳೆಯ ಸದ್ದು. ಅದರ ನಡುವೆ ಅವನ ದನಿ, "ಇಲ್ಲ. ಸೇತುವೆ ಹತ್ರ ನಿಂತಿದ್ದೀನಿ... ಎಷ್ಟು ದಿನ ಆಯ್ತು, ಯಾರಾದ್ರೂ ಹೀಗೆ ಕೇಳಿ."

"ಸೇತುವೆಯಿಂದ ನಮ್ಮನೇನೂ ಅಷ್ಟೇ ದೂರ..." ಅಂದುಬಿಟ್ಟಳು.

ಅವನು ಮೆಟ್ಟಿಲು ಹತ್ತಿ ಬಂದಾಗ ಬಟ್ಟೆಯಿಂದ ನೀರಿಳಿಯುತ್ತಿತ್ತು. ಒಳಗೆ ಬರದೆ ಕಿಟಕಿಯ ಕಡೆಗೇ ನೋಡುತ್ತ ನಿಂತ.

"ಬೀದಿಯಿಂದಲೇ ಕಾಣಿಸ್ತು... ಆ ರೂಲ್ ನಾನೇ ಅಳಿಸಿದ್ದೆ. ನನ್ನ ಫೋನೂ ಅದರಲ್ಲಿಲ್ಲ. ದೀಪ ಹೇಗೆ ಹತ್ತಿತು?"

"ಎದ್ದು ಹೋಗಿ ಸ್ವಿಚ್ ಹಾಕಿದೆ."

ಅವನ ಕಣ್ಣು ತುಂಬಿ ಬಂತು.

"ಮತ್ತೆ ಬಾಗಿಲಲ್ಲೇ ಕೋರ್ಟಾ?" ಒಳಗಿನಿಂದ ಅತ್ತೆ ಕೂಗಿದಳು. "ಟವೆಲ್ ಕೊಡೇ ಅವನಿಗೆ!"

ಚುಕ್ಕಿ ನಗುತ್ತ ಟವೆಲ್ ಚಾಚಿದಳು. ಅವನು ಟವೆಲ್ಲಿನ ಜೊತೆ ಅವಳ ಬೆರಳನ್ನೂ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ನಾಳೆ?" ಅಂತ ಕೇಳಿದ.

"ನಾಳೇನೂ. ನೀವು ಬರೋವರೆಗೂ ಆರಿಸಲ್ಲ."